ಹಳೆಯ ಜೀಪಿನ ಆಕ್ಸಲ್: ಕೂಡಿಸುವ ಮುನ್ನ ಹಲ್ಲು ಎಣಿಸಿರಿ

ಬೇಲೂರು ಕಡೆಯ ತೋಟಗಳಲ್ಲಿ ಹಳೆಯ ಜೀಪು ಇನ್ನೂ ಗೊಬ್ಬರ, ಕಾಫಿ ಮೂಟೆ ಹೊರುತ್ತಿದೆ. ಅದನ್ನು ಬಿಚ್ಚಿ ಕಟ್ಟಿಸುವಾಗ ಸವೆದ ಆಕ್ಸಲಿನ ಬದಲು ಗುಜರಿಯಿಂದ ಬೇರೊಂದನ್ನು ತಂದು ಹಾಕುವುದುಂಟು. ಬೋಲ್ಟು ಕೂತಿತೆಂದ ಮಾತ್ರಕ್ಕೆ ಆಕ್ಸಲ್ ಹೊಂದಿತೆಂದು ತಿಳಿಯಬಾರದು.

ಎರಡನೇ ಮಹಾಯುದ್ಧದ ಸೈನ್ಯದ ವಿಲ್ಲೀಸ್ ಜೀಪಿನ ಕ್ರೌನ್ ವೀಲಿಗೆ 39 ಹಲ್ಲು, ಪಿನಿಯನ್ನಿಗೆ 8. ಎಂದರೆ ಪ್ರಮಾಣ 4.88. ಯುದ್ಧಾನಂತರ ರೈತರಿಗೆಂದು ಬಂದ ಸಿ.ಜೆ. ಜೀಪುಗಳಲ್ಲಿ ಸಾಮಾನ್ಯವಾಗಿ 43 ಮತ್ತು 8, ಪ್ರಮಾಣ 5.38. ಮುಂದೊಂದು, ಹಿಂದೊಂದು ಹಾಕಿದರೆ ಎರಡು ಗಾಲಿಯ ಓಟದಲ್ಲಿ ಏನೂ ತಿಳಿಯುವುದಿಲ್ಲ. ನಾಲ್ಕು ಗಾಲಿಗೂ ಗೇರು ಹಾಕಿದಾಗ ತೊಂದರೆ. ಒಂದು ಜೋಡಿ ಗಾಲಿ ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಇನ್ನೊಂದು ಜೋಡಿ ಸುಮಾರು 100 ಮೀಟರ್ ಹೆಚ್ಚು ಉರುಳಬೇಕು! ತೋಟದ ಕೆಸರಿನಲ್ಲಿ ಗಾಲಿ ಜಾರಿ ಅದು ಹೇಗೋ ಸರಿಹೋದೀತು. ಹಳೇಬೀಡಿನಿಂದ ಬೇಲೂರಿಗೆ ಬರುವ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ. ಶಾಫ್ಟು, ಜಾಯಿಂಟು, ಗೇರಿನ ಹಲ್ಲು ಎಲ್ಲವೂ ತಿರುಚಿಕೊಂಡು ಕಡೆಗೆ ಒಂದು ಮುರಿಯುತ್ತದೆ. ಹಳೆಯ ಜೀಪುಗಳಲ್ಲಿ ಕೈಬ್ರೇಕಿನ ಡ್ರಮ್ಮು ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಗೇರಿನ ಹಿಂದಿದೆ. ಹಿಂದಿನ ಶಾಫ್ಟು ತುಂಡಾದರೆ ಇಳಿಜಾರಿನಲ್ಲಿ ಕೈಬ್ರೇಕು ಇದ್ದೂ ಇಲ್ಲದಂತೆ.

ಪರೀಕ್ಷೆ ಸುಲಭ. ಟ್ರಾನ್ಸ್‌ಫರ್ ಗೇರನ್ನು ನ್ಯೂಟ್ರಲ್ಲಿಗೆ ತಂದು, ಮುಂದಿನ ಗಾಲಿಯ ಗೇರು ಬಿಡಿಸಿ, ಒಂದು ಹಿಂದಿನ ಗಾಲಿಯನ್ನು ಜಾಕಿನಿಂದ ಎತ್ತಿರಿ. ಉಳಿದ ಮೂರಕ್ಕೂ ಕಲ್ಲು ಕೊಟ್ಟ ಮೇಲೆಯೇ ಕೈಬ್ರೇಕು ಬಿಡಿರಿ. ಎತ್ತಿದ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟಿಗೆ ಬಳಿದ ಸುಣ್ಣದ ಗುರುತು ಎಷ್ಟು ಸುತ್ತಿತೆಂದು ಎಣಿಸಿರಿ. ಐದು ಸುತ್ತಿಗೆ ಕೊಂಚ ಕಡಿಮೆಯಾದರೆ 4.88; ಐದು ದಾಟಿ ಮೂರನೇ ಒಂದಕ್ಕಿಂತ ತುಸು ಹೆಚ್ಚಾದರೆ 5.38. ಮುಂದಿನ ಆಕ್ಸಲಿಗೂ ಹೀಗೆಯೇ. ನಂತರದ ಮಾದರಿಗಳಲ್ಲಿ ಬೇರೆ ಪ್ರಮಾಣಗಳೂ ಬಂದಿವೆ. ಸಂಖ್ಯೆ ಯಾವುದಾದರೂ ಇರಲಿ, ಮುಂದಿನದೂ ಹಿಂದಿನದೂ ಒಂದೇ ಆಗಿರಬೇಕು. ಟೈರಿನ ಅಳತೆಗೂ ಇದೇ ಮಾತು.

ಕ್ರೌನ್ ವೀಲ್, ಪಿನಿಯನ್ ಜೋಡಿಯಾಗಿಯೇ ಉಜ್ಜಿ ತಯಾರಾದವು. ಒಂದನ್ನೇ ಬದಲಿಸಿ ಹಣ ಉಳಿಸುವೆನೆಂಬ ಮೇಸ್ತ್ರಿಯ ಮಾತಿಗೆ ನಾವಂತೂ ಒಪ್ಪುವುದಿಲ್ಲ. ತೆಗೆದ ಶಿಮ್ಮುಗಳನ್ನು ಎಡ, ಬಲವೆಂದು ಬೇರೆ ಬೇರೆ ಕಟ್ಟಿಡಿಸಿರಿ.

ಹಿಂದಿನ ಆಕ್ಸಲಿನ ತುದಿ ಕಿರಿದಾಗುತ್ತ ಬಂದು ಹಬ್ಬು ಕೀಲಿಯ ಮೇಲೆ ಕೂರುವ ಬಗೆಯದಾದರೆ, ಆ ತುದಿಗೆ ಗ್ರೀಸು ಸವರಬಾರದು. ಒರೆಸಿ ಒಣಗಿಸಿ ಕೂಡಿಸಬೇಕು. ನಟ್ಟು ಬಿಗಿದಾಗ ಪಿನ್ನಿನ ತೂತು ಸೇರದಿದ್ದರೆ ಸಡಿಲಿಸದೆ, ಮುಂದಿನ ತೂತಿಗೆ ಇನ್ನಷ್ಟು ಬಿಗಿಯಿರಿ. ಮೊದಲ ದಿನದ ಓಟದ ನಂತರ ಪಿನ್ನು ತೆಗೆದು ನಟ್ಟನ್ನು ಮತ್ತೊಮ್ಮೆ ಬಿಗಿದು, ಹೊಸ ಪಿನ್ನು ಹಾಕಿರಿ.