ಒಲೆಯ ಕೊಳವೆ ಎಷ್ಟು ಎಳೆಯಬೇಕು?

ರೊಟ್ಟಿ ಹಂಚಿನ ಮೇಲಿದೆ, ಉರಿ ಮಾತ್ರ ಕೊಳವೆಯೊಳಗಿದೆ. ಹೊಗೆಕೊಳವೆ ಇರುವ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರಿಗೆ ಈ ಪೇಚು ಗೊತ್ತು. ಮೇಲೆ ನೀರು ಹಚ್ಚಿ ತಿರುವಿ ಹಾಕಿದ ರೊಟ್ಟಿಯಲ್ಲಿ ಕೊಳವೆಯ ಕಡೆಯ ಅಂಚು ಕಪ್ಪಾಗಿರುತ್ತದೆ, ನಮ್ಮ ಕಡೆಯ ಅಂಚು ಇನ್ನೂ ಹಸಿ ಇರುತ್ತದೆ. ಅಡುಗೆಮನೆಯಲ್ಲಿ ಹೊಗೆ ಇಲ್ಲ, ಕಣ್ಣು ಉರಿಯುವುದಿಲ್ಲ, ಅದು ದೊಡ್ಡ ಲಾಭ. ಆದರೆ ನಾಲ್ಕು ದಿನಕ್ಕೆ ಬರಬೇಕಾದ ಕಟ್ಟಿಗೆ ಹೊರೆ ಮೂರೇ ದಿನಕ್ಕೆ ಮುಗಿಯುತ್ತದೆ. ಕೊಳವೆ ಹೊಗೆಯ ಜೊತೆಗೆ ಕಾವನ್ನೂ ಎಳೆದುಕೊಂಡು ಹೋಗುತ್ತಿದೆ ಎಂದೇ ಇದರ ಅರ್ಥ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ ಕರಿ ಮಣ್ಣಿನ ಬಯಲು, ಕಾಡು ಕಡಿಮೆ. ಒಲೆಗೆ ಬರುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಬಳ್ಳಾರಿ ಜಾಲಿ, ಕುಳ್ಳು, ನಿಂಬೆ ತೋಟದ ಒಣ ಟೊಂಗೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಸಿಲಿಂಡರ್ ಅನೇಕ ಮನೆಗಳಿಗೆ ಬಂದಿದೆ. ಆದರೂ ಜೋಳದ ರೊಟ್ಟಿಗೆ, ಬಚ್ಚಲ ಹಂಡೆಗೆ, ಹಬ್ಬದ ದೊಡ್ಡ ಅಡುಗೆಗೆ ಕಟ್ಟಿಗೆ ಒಲೆ ಉಳಿದುಕೊಂಡಿದೆ. ಹಾಗಾಗಿ ಅದರ ಗಾಳಿಯ ಲೆಕ್ಕ ತಿಳಿದಿರುವುದು ಒಳ್ಳೆಯದು. ನಮ್ಮ ಕಡೆ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ಗೊಂದಲವಾಗದಿರಲೆಂದು ಇಲ್ಲಿ ಹೊಗೆಕೊಳವೆ ಎಂದೇ ಕರೆಯೋಣ.

ಕೊಳವೆ ಎಳೆಯುವುದು ಹೇಗೆ?

ಕೊಳವೆಯೊಳಗಿನ ಗಾಳಿ ಕಾದು ಹಗುರವಾಗುತ್ತದೆ. ಹೊರಗಿನ ತಣ್ಣನೆಯ ಗಾಳಿ ಅದಕ್ಕಿಂತ ಭಾರ. ಅದು ಒಲೆಯ ಬಾಯಿಂದ ಒಳನುಗ್ಗಿ, ಹಗುರಾದದ್ದನ್ನು ಮೇಲಕ್ಕೆ ತಳ್ಳುತ್ತದೆ. ನಾವು ಎಳೆತ ಎನ್ನುವುದು ಈ ತಳ್ಳಾಟವನ್ನೇ. ಕೊಳವೆ ಎತ್ತರವಾದಷ್ಟೂ, ಒಳಗಿನ ಹೊಗೆ ಬಿಸಿಯಾದಷ್ಟೂ, ಹೊರಗಿನ ಗಾಳಿ ತಣ್ಣಗಾದಷ್ಟೂ ಎಳೆತ ಹೆಚ್ಚು.

ಒಂದು ಲೆಕ್ಕ ನೋಡಿ. 3 ಮೀಟರ್, ಅಂದರೆ ಸುಮಾರು 10 ಅಡಿ ಎತ್ತರದ ಕೊಳವೆಯಲ್ಲಿ ಹೊಗೆ 150 ಡಿಗ್ರಿ ಸೆಲ್ಸಿಯಸ್ ಇದೆ ಎನ್ನೋಣ. ಏಪ್ರಿಲ್ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದ್ದರೆ ಎಳೆತ ಸುಮಾರು 8 ಪ್ಯಾಸ್ಕಲ್. ಡಿಸೆಂಬರ್ ಮುಂಜಾನೆ 12 ಡಿಗ್ರಿ ಇದ್ದರೆ ಅದೇ ಕೊಳವೆಯ ಎಳೆತ ಸುಮಾರು 11 ಪ್ಯಾಸ್ಕಲ್. 10 ಪ್ಯಾಸ್ಕಲ್ ಎಂದರೆ ಒಂದು ಮಿಲಿಮೀಟರ್ ಎತ್ತರದ ನೀರು ಹಾಕುವಷ್ಟು ಒತ್ತಡ. ಇಷ್ಟು ಸಣ್ಣ ಬಲವೇ ಉರಿಯನ್ನು ಹಂಚಿನ ಕೆಳಗಿಂದ ಕೊಳವೆಯ ಕಡೆಗೆ ಬಾಗಿಸಲು ಸಾಕು. ಬೇಸಿಗೆಯಲ್ಲಿ ಸುಮ್ಮನಿದ್ದ ಒಲೆ ಚಳಿಗಾಲದಲ್ಲಿ ಭೋರ್ ಎನ್ನುವುದು ಇದೇ ಕಾರಣಕ್ಕೆ. ಆಷಾಢದಲ್ಲಿ ಇನ್ನೊಂದು ಕಾರಣ ಸೇರುತ್ತದೆ: ಬಯಲ ಗಾಳಿ ಕೊಳವೆಯ ತುದಿಯನ್ನು ಸವರಿಕೊಂಡು ಹೋಗುವಾಗ ಅದೂ ಒಳಗಿನದನ್ನು ಹೀರುತ್ತದೆ.

ಈ ಎಳೆತಕ್ಕೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಗುಣವಿದೆ. ಎಳೆತ ಹೆಚ್ಚಿದರೆ ಉರಿ ಹೆಚ್ಚುತ್ತದೆ. ಉರಿ ಹೆಚ್ಚಿದರೆ ಕೊಳವೆ ಕಾಯುತ್ತದೆ. ಕೊಳವೆ ಕಾದರೆ ಎಳೆತ ಮತ್ತೆ ಹೆಚ್ಚುತ್ತದೆ. ಒಣಗಿದ ಹತ್ತಿ ಕಟ್ಟಿಗೆಯನ್ನು ಒಮ್ಮೆಲೇ ತುಂಬಿದಾಗ ಆಗುವುದು ಇದೇ.

ನಷ್ಟ ಎಲ್ಲಿ?

ಒಂದು ಕಿಲೋ ಒಣ ಕಟ್ಟಿಗೆ ಪೂರ್ತಿ ಉರಿಯಲು 5ರಿಂದ 6 ಕಿಲೋ ಗಾಳಿ ಬೇಕು. ಅಂಗಡಿಯ ದೊಡ್ಡ ಎಣ್ಣೆ ಡಬ್ಬಿಯಲ್ಲಿ ಅಳೆದರೆ ಸುಮಾರು 300 ಡಬ್ಬಿ ಗಾಳಿ. ಅದರಲ್ಲಿ ಐದನೇ ಒಂದು ಭಾಗ ಮಾತ್ರ ಆಮ್ಲಜನಕ. ಉಳಿದದ್ದು ಉರಿಗೆ ನೆರವಾಗದೆ, ನಮ್ಮ ಕಟ್ಟಿಗೆಯಿಂದಲೇ ಕಾವು ತೆಗೆದುಕೊಂಡು ಮೇಲೆ ಹೋಗುತ್ತದೆ. ಸ್ವಲ್ಪ ಹೆಚ್ಚುವರಿ ಗಾಳಿ ಬೇಕೇ ಬೇಕು, ಇಲ್ಲವಾದರೆ ಹೊಗೆ ಏಳುತ್ತದೆ. ಆದರೆ ಬೇಕಾದದ್ದರ ಎರಡು ಮೂರು ಪಟ್ಟು ಗಾಳಿ ನುಗ್ಗಿದರೆ ಉರಿ ತಣ್ಣಗಾಗುತ್ತದೆ, ಪಾತ್ರೆಯ ತಳ ತಲುಪುವ ಮೊದಲೇ ಕಾವು ಕೊಳವೆ ಸೇರುತ್ತದೆ. ಜೊತೆಗೆ ಕಿಡಿಯ ಭಯವಿದೆ. ಹಿತ್ತಲಲ್ಲಿ ಜೋಳದ ಕಣಿಕೆಯ ಬಣವೆ ಇದ್ದರೆ, ಕೊಳವೆಯಿಂದ ಹಾರಿದ ಒಂದು ಕಿಡಿ ವರ್ಷದ ಮೇವನ್ನೇ ಸುಡಬಲ್ಲದು.

ಗುರುತಿಸುವ ಬಗೆ

ಒಲೆ ಚೆನ್ನಾಗಿ ಹತ್ತಿದ ಮೇಲೆ ಬಗ್ಗಿ ನೋಡಿ. ಉರಿಯ ನಾಲಿಗೆ ನೇರ ಮೇಲೆದ್ದು ಹಂಚನ್ನು ನೆಕ್ಕುತ್ತಿದ್ದರೆ ಸರಿ. ಅಡ್ಡ ಮಲಗಿ ಕೊಳವೆಯ ಕಡೆಗೆ ಓಡುತ್ತಿದ್ದರೆ ಎಳೆತ ಹೆಚ್ಚು. ಎದೆಯೆತ್ತರದಲ್ಲಿ ಕೊಳವೆಗೆ ನೀರಿನ ಹನಿ ಚಿಮುಕಿಸಿ. ಚುರ್ ಎಂದು ಆರಿಹೋದರೆ ಅಲ್ಲಿ 100 ಡಿಗ್ರಿಗೂ ಹೆಚ್ಚಿನ ಕಾವು ವ್ಯರ್ಥವಾಗುತ್ತಿದೆ. ಮಾಳಿಗೆಯ ಮೇಲೆ ಬಿಳಿ ಬೂದಿ ಬಿದ್ದಿದ್ದರೆ ಅದೂ ಸಾಕ್ಷಿ. ಎಲ್ಲಕ್ಕಿಂತ ನಂಬಬಹುದಾದದ್ದು ತಕ್ಕಡಿ: ಅಷ್ಟೇ ರೊಟ್ಟಿಗೆ ಇಂದು ಎಷ್ಟು ಕಿಲೋ ಕಟ್ಟಿಗೆ ಹೋಯಿತು, ಒಲೆ ಸರಿಪಡಿಸಿದ ಮೇಲೆ ಎಷ್ಟು ಹೋಯಿತು ಎಂದು ಬರೆದಿಡಿ.

ಅಸ್ತ್ರ ಒಲೆಯ ಪಾಠ

ಈ ಸಮಸ್ಯೆಯನ್ನು ಕನ್ನಡನಾಡಿನಲ್ಲೇ ಆಳವಾಗಿ ಯೋಚಿಸಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಅಲ್ಲಿ ರೂಪಿಸಿದ ಮೂರು ಪಾತ್ರೆಗಳ ಒಲೆಯೇ ಅಸ್ತ್ರ ಒಲೆ. ಕೊಳವೆ ಇಟ್ಟು ಹೊಗೆ ಹೊರಹಾಕಿದ್ದು ಅದರ ಅರ್ಧ ಕೆಲಸ ಮಾತ್ರ. ಕಟ್ಟಿಗೆ ಹಾಕುವ ಬಾಯಿಗೆ ಮುಚ್ಚಳ ಕೊಟ್ಟು, ಗಾಳಿ ಅಳತೆಯ ದಾರಿಯಿಂದಷ್ಟೇ ಬರುವಂತೆ ಮಾಡಿದ್ದು ಉಳಿದರ್ಧ. ಬಿಸಿ ಹೊಗೆ ಎರಡನೆಯ, ಮೂರನೆಯ ಪಾತ್ರೆಗಳ ತಳ ಸವರಿ, ಕಾವು ಬಿಟ್ಟುಕೊಟ್ಟು ಆಮೇಲೆ ಕೊಳವೆ ಸೇರುತ್ತದೆ. ಮೂರು ಕಲ್ಲಿನ ಒಲೆ ಕಟ್ಟಿಗೆಯ ಕಾವಿನಲ್ಲಿ ಸಾಮಾನ್ಯವಾಗಿ ಶೇ. 10ರಿಂದ 15ರಷ್ಟನ್ನು ಪಾತ್ರೆಗೆ ಕೊಟ್ಟರೆ, ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಶೇ. 40ರಷ್ಟನ್ನು ಕೊಟ್ಟಿತು.

ಇದರಿಂದ ಕಲಿಯಬೇಕಾದದ್ದು ಒಂದೇ: ಮುಚ್ಚಳ ತೆಗೆದಿಟ್ಟು, ಉದ್ದನೆಯ ಕಟ್ಟಿಗೆ ತುರುಕಿ, ಬಾಯಿ ತೆರೆದೇ ಬಿಟ್ಟರೆ ಎಂಥ ಒಳ್ಳೆಯ ಒಲೆಯೂ ಕಟ್ಟಿಗೆ ತಿನ್ನುವ ಒಲೆಯೇ ಆಗುತ್ತದೆ.

ಎಳೆತ ತಗ್ಗಿಸುವ ದಾರಿ

ಮೊದಲು ಕೈಯ ಅಭ್ಯಾಸ ನೋಡಿಕೊಳ್ಳಿ. ಕಟ್ಟಿಗೆಯನ್ನು ಗೇಣುದ್ದ ತುಂಡು ಮಾಡಿ, ಎರಡು ಮೂರರಂತೆ ಹಾಕಿ. ಹತ್ತಿ ಕಟ್ಟಿಗೆ ಬೇಗ ಭುಗಿಲೇಳುತ್ತದೆ. ಜೊತೆಗೆ ದಪ್ಪ ಜಾಲಿ ತುಂಡು ಇಟ್ಟರೆ ಉರಿ ನಿಧಾನಕ್ಕೆ ಬರುತ್ತದೆ.

ಎರಡನೆಯದು ಬಾಯಿ. ತಗಡಿನ ಮುಚ್ಚಳ ಮಾಡಿಸಿ, ಕೆಳಗೆ ಗಾಳಿಗೆ ಕಿಂಡಿ ಬಿಡಿ. ಉರಿ ನೇರವಾಗುವವರೆಗೆ ಮುಚ್ಚಳವನ್ನು ಸರಿಸುತ್ತಾ ಬನ್ನಿ. ಹೊಗೆ ಹೊರಬಂದರೆ ಹೆಚ್ಚು ಮುಚ್ಚಿದಿರಿ ಎಂದರ್ಥ, ತುಸು ತೆರೆಯಿರಿ.

ಮೂರನೆಯದು ಹೊಗೆಯ ದಾರಿಯಲ್ಲಿ ಮಣ್ಣಿನ ಅಡ್ಡಗಟ್ಟೆ. ಎರಡನೆಯ ಪಾತ್ರೆಯ ತಳಕ್ಕೆ ಒಂದಿಂಚು ಜಾಗ ಬಿಟ್ಟು ಗಟ್ಟೆ ಕಟ್ಟಿದರೆ, ಓಡುವ ಹೊಗೆ ಮೇಲೆದ್ದು ಪಾತ್ರೆಗೆ ತಾಗುತ್ತದೆ. ಪಾತ್ರೆ ಕಾಯುತ್ತದೆ, ಕೊಳವೆ ತಣ್ಣಗಾಗುತ್ತದೆ, ಎಳೆತ ತಾನಾಗಿ ತಗ್ಗುತ್ತದೆ. ಎಲ್ಲ ಉಪಾಯಗಳಲ್ಲಿ ಇದೇ ಮೇಲು, ಏಕೆಂದರೆ ತಡೆದ ಕಾವು ಅಡುಗೆಗೇ ಸಿಗುತ್ತದೆ.

ನಾಲ್ಕನೆಯದು ಕೊಳವೆಯೊಳಗೆ ಸರಿಸುವ ತಗಡಿನ ತಡೆ. ಇದನ್ನು ಮಾಡಿಸುವಾಗ ತಗಡಿನ ಕಾಲು ಭಾಗವನ್ನು ಕತ್ತರಿಸಿಯೇ ಇಡಿ. ಯಾರು ಮರೆತರೂ ಕೊಳವೆ ಪೂರ್ತಿ ಮುಚ್ಚಬಾರದು.

ಕೊಳವೆಯನ್ನು ಮೊಟಕು ಮಾಡುವ ಯೋಚನೆ ಬಂದರೆ ತಡೆಯಿರಿ. ಎತ್ತರ ಅರ್ಧಕ್ಕಿಳಿದರೂ ಹರಿವು ಸುಮಾರು ಶೇ. 30ರಷ್ಟೇ ತಗ್ಗುತ್ತದೆ. ಆದರೆ ಕೊಳವೆಯ ತುದಿ ಮಾಳಿಗೆಯ ಕುಂಬಿಗಿಂತ ಎರಡು ಮೂರು ಅಡಿ ಮೇಲಿರದಿದ್ದರೆ ಆಷಾಢದ ಗಾಳಿ ಹೊಗೆಯನ್ನು ತಿರುಗಿ ಮನೆಯೊಳಗೇ ನೂಕುತ್ತದೆ. ತುದಿಗೆ ಟೋಪಿ ಇಟ್ಟರೆ ಅದು ಮಳೆಯನ್ನೂ ಕಿಡಿಯನ್ನೂ ತಡೆಯುತ್ತದೆ.

ಎಚ್ಚರ

ಕೆಂಡವಿರುವಾಗ ಕೊಳವೆಯನ್ನಾಗಲಿ ಗಾಳಿಯ ಕಿಂಡಿಯನ್ನಾಗಲಿ ಪೂರ್ತಿ ಮುಚ್ಚಬೇಡಿ. ಗಾಳಿ ಸಾಲದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದಂತೆ ಮಾಡುತ್ತದೆ. ಬೆಳಕಿಂಡಿಯನ್ನು ಚಳಿಗಾಲದಲ್ಲೂ ತೆರೆದಿಡಿ. ತಿಂಗಳಿಗೊಮ್ಮೆ ಕೊಳವೆಯ ಕಾಡಿಗೆ ಕೆಡವಿ. ಒಳಗೆ ಕಟ್ಟಿದ ಕಾಡಿಗೆಗೆ ಜೋರು ಎಳೆತದಲ್ಲಿ ಬೆಂಕಿ ಹತ್ತುವುದುಂಟು.

ಹೊಗೆ ಪೂರ್ತಿ ಹೋಗಬೇಕು, ಕಾವು ಆದಷ್ಟು ಉಳಿಯಬೇಕು. ಒಲೆಗೆ ಬೇಕಾದ ಎಳೆತ ಅಷ್ಟೇ. ನಾಳೆ ಮುಂಜಾನೆ ಒಲೆ ಹಚ್ಚಿದಾಗ ಒಮ್ಮೆ ಬಗ್ಗಿ, ಉರಿ ಯಾವ ಕಡೆಗೆ ಬಾಗಿದೆ ಎಂದು ನೋಡಿ. ಕೊಳವೆಯ ಕಡೆಗೆ ಬಾಗಿದ್ದರೆ ಒಂದು ತಗಡು, ಒಂದು ಬುಟ್ಟಿ ಮಣ್ಣು ಸಾಕು, ಕಟ್ಟಿಗೆ ಹೊರುವವರ ತಲೆಯ ಭಾರ ಇಳಿಯುತ್ತದೆ.