ಇರುಳಿಡೀ ಆಟವನ್ನು ನಡೆಸಿದ ಕಂಠ

ಪಾಶ್ಚಾತ್ಯರ ಒಪೆರಾ ಎಂಬ ಸಂಗೀತ ನಾಟಕದ ವಿಚಾರ ನೀವು ಓದಿರಬಹುದು. ಅಲ್ಲಿ ವೇಷ ಧರಿಸಿದವರೇ ಹಾಡುತ್ತಾರೆ. ವಾದ್ಯಗಾರರನ್ನು ನಡೆಸಲು ಬೇರೊಬ್ಬ ನಿರ್ದೇಶಕನಿರುತ್ತಾನೆ. ನಮ್ಮ ಯಕ್ಷಗಾನದ ಕ್ರಮ ಬೇರೆ. ವೇಷಧಾರಿ ಕುಣಿದು ಮಾತನಾಡುತ್ತಾನೆ. ರಾವಣನ ಪದ್ಯವನ್ನೂ ಸೀತೆಯ ಪದ್ಯವನ್ನೂ ಹಾಡುವವರು ಭಾಗವತರೇ. ಹಾಡುತ್ತಲೇ ಜಾಗಟೆ ಬಾರಿಸಿ ಚೆಂಡೆ, ಮದ್ದಳೆಗಳನ್ನು ನಡೆಸುವವರೂ ಅವರೇ. ಭಾಗವತರನ್ನು 'ಮೊದಲನೆಯ ವೇಷ' ಎನ್ನುವುದು ಸುಮ್ಮನೆ ಅಲ್ಲ.

ತೆಂಕುತಿಟ್ಟಿನ ಇಂಥ ಭಾಗವತರಲ್ಲಿ ಬಲಿಪ ನಾರಾಯಣ ಭಾಗವತರದು ದೊಡ್ಡ ಹೆಸರು. 1938ರಲ್ಲಿ ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿದರು. ಅವರ ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತ, ಅವರೇ ಗುರು. ಹದಿಹರೆಯದಲ್ಲೇ ರಂಗಕ್ಕೆ ಬಂದ ಮೊಮ್ಮಗ ಮುಂದೆ ಮೂಡಬಿದಿರೆ ಸಮೀಪದ ಮಾರೂರಿನಲ್ಲಿ ನೆಲೆಸಿ, ದಶಕಗಳ ಕಾಲ ಕಟೀಲು ಮೇಳದಲ್ಲಿ ಹಾಡಿದರು.

ಮೇಳದ ತಿರುಗಾಟವೆಂದರೆ ಏನೆಂದು ಸ್ವಲ್ಪ ಯೋಚಿಸಿ. ಮಳೆಗಾಲ ಕಳೆದು ಹೊರಟ ಮೇಳ ಮೇ ತಿಂಗಳ ಪತ್ತನಾಜೆಯವರೆಗೆ ತಿರುಗುತ್ತದೆ. ಇಂದು ಬಂಟ್ವಾಳದ ಒಂದು ಗದ್ದೆ, ನಾಳೆ ಬೆಳ್ತಂಗಡಿಯ ಒಂದು ಮನೆಯಂಗಳ. ಕಟೀಲಿನವು ಹರಕೆಯ ಬಯಲಾಟಗಳು. ಟಿಕೆಟಿಲ್ಲ, ಜನ ನೆರೆಯುತ್ತಾರೆ. ರಾತ್ರಿಯ ಆರಂಭದಲ್ಲಿ ಪೂರ್ವರಂಗವನ್ನು ಕಲಿಯುವ ಸಂಗೀತಗಾರರು ನಡೆಸುತ್ತಾರೆ. ನಡುರಾತ್ರಿಯ ಬಳಿಕ, ಕೇಳುವವರ ಕಣ್ಣು ಎಳೆಯುವ ಹೊತ್ತಿಗೆ, ಮುಖ್ಯ ಭಾಗವತರ ಸರದಿ. ಮಹಿಷಾಸುರನ ಅಬ್ಬರಕ್ಕೆ, ಯುದ್ಧದ ಏರುಪದಕ್ಕೆ ಕಂಠ ಆಗಲೇ ತೆರೆದುಕೊಳ್ಳಬೇಕು. ಮೈಕಿಲ್ಲದ ಬಯಲಿನಲ್ಲಿ ಚೆಂಡೆಯನ್ನು ಮೀರಿ ಕೇಳಿಸಬೇಕಾಗಿದ್ದ ಕಾಲದ ಏರು ಶ್ರುತಿಯ ಗಾಯನವನ್ನು ಬಲಿಪರು ಮೈಕು ಬಂದ ಮೇಲೂ ಬಿಡಲಿಲ್ಲ. ಇದನ್ನೇ ಜನ 'ಬಲಿಪ ಶೈಲಿ' ಎಂದರು. ಶಾಸ್ತ್ರೀಯ ಸಂಗೀತದ ಆಲಾಪನೆಯ ನಯ ಅದರಲ್ಲಿ ಕಡಿಮೆ. ನನ್ನ ಮಟ್ಟಿಗೆ ಅದೇ ಅದರ ಗುಣ: ಪದ್ಯದ ಮಾತು ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ, ಕಥೆ ನಿಲ್ಲುವುದಿಲ್ಲ.

ಇನ್ನೊಂದು ಕಷ್ಟವಿದೆ. ಅರ್ಥಧಾರಿಯ ಮಾತು ಬರೆದಿಟ್ಟದ್ದಲ್ಲ. ಅದು ಎಷ್ಟು ಉದ್ದವಾದೀತೆಂದು ಯಾರಿಗೂ ಗೊತ್ತಿರುವುದಿಲ್ಲ. ಯಾವ ಪದ್ಯ ಬಿಡಬೇಕು, ಯಾವುದನ್ನು ಹಾಡಬೇಕು ಎಂದು ಭಾಗವತರು ಕುಳಿತಲ್ಲೇ ನಿರ್ಧರಿಸಬೇಕು. ಅದಕ್ಕೆ ಪ್ರಸಂಗ ಬಾಯಿಪಾಠವಿರಬೇಕು. ಬಲಿಪರಿಗೆ ಹಲವಾರು ಪ್ರಸಂಗಗಳು ಪುಸ್ತಕವಿಲ್ಲದೆ ಬರುತ್ತಿದ್ದವು. ತಾವೇ ಪ್ರಸಂಗಗಳನ್ನು ರಚಿಸಿದರು. ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಆಡುವ ದೇವಿ ಮಹಾತ್ಮೆಯನ್ನು ಐದು ದಿನಗಳ ಆಟವಾಗಿ ವಿಸ್ತರಿಸಿ ಬರೆದರು.

ಅಜ್ಜನಿಂದ ಮೊಮ್ಮಗನಿಗೆ ಬಂದ ಈ ವಿದ್ಯೆ ಹೆಣ್ಣುಮಕ್ಕಳಿಗೆ ಬಹುಕಾಲ ಮುಚ್ಚಿತ್ತು. ಮಧೂರಿನ ಲೀಲಾವತಿ ಬೈಪಾಡಿತ್ತಾಯರು ಪತಿ ಹರಿನಾರಾಯಣರಿಂದ ಕಲಿತು, ಬೆಳ್ತಂಗಡಿ ತಾಲೂಕಿನ ಅರುವ ಮೇಳವೂ ಸೇರಿದಂತೆ ಹಲವು ಮೇಳಗಳಲ್ಲಿ ಹಾಡಿ, ವೃತ್ತಿಮೇಳದ ಮೊದಲ ಮಹಿಳಾ ಭಾಗವತರೆನಿಸಿದರು. ಅವರು ತೀರಿಕೊಂಡದ್ದು 2024ರಲ್ಲಿ.

ಬಲಿಪರು 2023ರ ಫೆಬ್ರವರಿ 16ರಂದು ಮಾರೂರಿನಲ್ಲಿ ನಿಧನರಾದರು. ಈಗ ಅನೇಕ ಆಟಗಳು ಕಾಲಮಿತಿಯವು. ನಡುರಾತ್ರಿಯ ಹೊತ್ತಿಗೆ ಮಂಗಳ. ಓದುವ ನಿಮಗೆ ಇದು ಅನುಕೂಲವೇ, ಸಂದೇಹವಿಲ್ಲ. ಆದರೆ ಬೆಳಗಿನ ಜಾವಕ್ಕೆಂದೇ ಇಟ್ಟುಕೊಂಡ ರಾಗಗಳಿಗೆ ಅಲ್ಲಿ ಹೊತ್ತೇ ಸಿಗುವುದಿಲ್ಲ. ಇಡೀ ರಾತ್ರಿಯ ಆಟ ನಿಮ್ಮೂರಿಗೆ ಬಂದರೆ ಗೆಳೆಯರೊಡನೆ ನಾಲ್ಕು ಗಂಟೆಯವರೆಗೆ ಎಚ್ಚರವಿದ್ದು, ಜಾಗಟೆ ಹಿಡಿದವರ ಕಡೆಗೊಮ್ಮೆ ನೋಡಿ.