ಅಂಗುಷ್ಠಮೂಲದ ಸಂಧಿಸ್ಥಿರೀಕರಣ: ಶಸ್ತ್ರಕ್ರಿಯೆಯೂ ಅದರ ಹೆಸರೂ

ಪಾಶ್ಚಾತ್ಯ ಶಸ್ತ್ರವೈದ್ಯದಲ್ಲಿ 'ಆರ್ಥ್ರೊಡೀಸಿಸ್' ಎಂಬ ಚಿಕಿತ್ಸೆಯೊಂದುಂಟು. ಗ್ರೀಕ್ ಭಾಷೆಯಲ್ಲಿ 'ಆರ್ಥ್ರೊನ್' ಎಂದರೆ ಕೀಲು, 'ದೆಸಿಸ್' ಎಂದರೆ ಕಟ್ಟುವಿಕೆ. ಕಾಲಿನ ಹೆಬ್ಬೆರಳ ಬುಡದ ಕೀಲಿಗೆ ಈ ಚಿಕಿತ್ಸೆಯು ಬಹುಕಾಲದಿಂದ ನಡೆಯುತ್ತ ಬಂದಿದೆ. ಇದನ್ನು ಕನ್ನಡದಲ್ಲಿ 'ಕೀಲುಜೋಡಣೆ' ಎಂದು ಭಾಷಾಂತರಿಸಿದರೆ, ಕೆಟ್ಟ ಕೀಲನ್ನು ಸರಿಪಡಿಸಿ ಮೊದಲಿನಂತೆ ಆಡಿಸುವರೆಂದೋ ಕೃತಕವಾದ ಕೀಲನ್ನಿಡುವರೆಂದೋ ರೋಗಿಯು ಭಾವಿಸಬಹುದು. ವಾಸ್ತವವಾಗಿ ಆ ಕೀಲು ಮುಂದೆಂದಿಗೂ ಆಡುವುದಿಲ್ಲ. ರೋಗಿಯ ಒಪ್ಪಿಗೆಯು ಹೆಸರಿನ ಅರ್ಥವನ್ನವಲಂಬಿಸಿರುವುದರಿಂದ ಕ್ರಿಯೆಯನ್ನೂ ಹೆಸರನ್ನೂ ಕೂಡಿಯೇ ವಿಚಾರಿಸಬೇಕು.

ಸುಶ್ರುತಸಂಹಿತೆಯ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ದೇಹದ ೨೧೦ ಸಂಧಿಗಳು ಹೇಳಲ್ಪಟ್ಟಿವೆ. ಇವು ಚೇಷ್ಟಾವಂತಗಳೆಂದೂ ಸ್ಥಿರಗಳೆಂದೂ ಎರಡು ಬಗೆ. ಕೈಕಾಲು, ದವಡೆ, ಸೊಂಟ ಇವುಗಳಲ್ಲಿರುವುವು ಚೇಷ್ಟಾವಂತಗಳು, ಉಳಿದುವು ಸ್ಥಿರಗಳು. ಕಾಲ್ಬೆರಳೊಂದೊಂದಕ್ಕೆ ಮೂರು ಸಂಧಿಗಳು, ಅಂಗುಷ್ಠಕ್ಕೆ ಮಾತ್ರ ಎರಡು ಎಂದು ಅಲ್ಲಿ ಎಣಿಸಿದೆ. ಇಂದಿನ ಅಂಗರಚನಾಶಾಸ್ತ್ರದ ಎಣಿಕೆಯೂ ಇದೇ. ಆ ಎರಡರಲ್ಲಿ ಬುಡದ್ದೇ ಪ್ರಕೃತ ವಿಷಯ.

ನಡೆಯುವಾಗ ಹಿಮ್ಮಡಿಯು ನೆಲವನ್ನು ಬಿಟ್ಟೇಳುತ್ತಲೂ ಹೆಬ್ಬೆರಳು ನೆಲವನ್ನೂರಿಕೊಂಡೇ ಇರುತ್ತದೆ. ಆಗ ಈ ಸಂಧಿಯು ಮೇಲ್ಮುಖವಾಗಿ ಬಾಗುತ್ತದೆ. ಎಲುಬುಗಳ ತುದಿಯನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿಯು ಸವೆದರೆ ಎಲುಬಿಗೆ ಎಲುಬು ಉಜ್ಜಿ, ಸಂಧಿಯ ಮೇಲ್ಭಾಗದಲ್ಲಿ ಎಲುಬು ಗಂಟುಗಂಟಾಗಿ ಬೆಳೆದು, ಹೆಜ್ಜೆಹೆಜ್ಜೆಗೂ ನೋವಾಗುತ್ತದೆ. ಈ ವ್ಯಾಧಿಗೆ ೧೮೮೭ರಲ್ಲಿ ಕಾಟೆರಿಲ್ ಎಂಬ ವೈದ್ಯನು 'ಹ್ಯಾಲಕ್ಸ್ ರಿಜಿಡಸ್', ಎಂದರೆ ಸೆಡೆತ ಹೆಬ್ಬೆರಳು, ಎಂದು ಹೆಸರಿಟ್ಟನು. ಗಡುಸಾದ ಅಟ್ಟೆಯ ಪಾದರಕ್ಷೆ, ಔಷಧ, ಬೆಳೆದ ಎಲುಬನ್ನು ಕೆತ್ತಿ ತೆಗೆಯುವುದು ಇವು ಮೊದಲ ಉಪಾಯಗಳು. ಇವು ಸಾಲದೆ ಹೋದಾಗ ಸಂಧಿಯನ್ನೇ ಕೊನೆಗಾಣಿಸುವರು. ಕ್ಲಟನ್ ಎಂಬ ಆಂಗ್ಲ ಶಸ್ತ್ರವೈದ್ಯನು ೧೮೯೪ರಷ್ಟು ಹಿಂದೆಯೇ ದಂತದ ಗೂಟಗಳಿಂದ ಈ ಸಂಧಿಯನ್ನು ಬಂಧಿಸಿದ್ದನು.

ಈಗಿನ ಕ್ರಮವು ಹೀಗಿದೆ. ಎರಡು ಎಲುಬುಗಳ ತುದಿಗಳಿಂದಲೂ ಉಳಿದ ಮೃದ್ವಸ್ಥಿಯನ್ನು ಪೂರ್ತಿಯಾಗಿ ಹೆರೆದು, ರಕ್ತವೊಸರುವ ಎಲುಬು ಕಾಣುವಂತೆ ಮಾಡಿ, ಒಂದನ್ನು ಗುಂಡಗೆ, ಇನ್ನೊಂದನ್ನು ಬಟ್ಟಲಿನಂತೆ ತಿದ್ದಿ, ಒಂದಕ್ಕೊಂದನ್ನು ಒತ್ತಿ, ಲೋಹದ ತಿರುಪುಗಳಿಂದಲೂ ಪಟ್ಟಿಯಿಂದಲೂ ಬಿಗಿಯುವರು. ಮುರಿದ ಎಲುಬು ಕೂಡುವಂತೆಯೇ ಇವೂ ಸಾಮಾನ್ಯವಾಗಿ ೬ರಿಂದ ೧೨ ವಾರಗಳಲ್ಲಿ ಏಕಾಸ್ಥಿಯಾಗುತ್ತವೆ. ಕೆಲವರಲ್ಲಿ ಕೂಡದೆ ಹೋಗುವುದೂ ಉಂಟು. ಬೆರಳನ್ನು ನಿಲ್ಲಿಸುವ ಕೋನವೇ ಇಲ್ಲಿ ಮುಖ್ಯ. ನೆಲದಿಂದ ಸುಮಾರು ೧೦-೧೫ ಅಂಶಗಳಷ್ಟು ಮೇಲಕ್ಕೂ ಎರಡನೆಯ ಬೆರಳ ಕಡೆಗೆ ಸ್ವಲ್ಪ ಓರೆಯಾಗಿಯೂ ಇರಿಸುವುದು ವಾಡಿಕೆ. ಹೆಚ್ಚು ಎತ್ತಿದರೆ ಉಗುರು ಪಾದರಕ್ಷೆಗೆ ತಾಗುವುದು. ತಗ್ಗಿಸಿದರೆ ತುದಿಯ ಸಂಧಿಗೆ ಭಾರವು ಮಿತಿಮೀರುವುದು. ಒಮ್ಮೆ ಕೂಡಿದ ಮೇಲೆ ಈ ಕೋನವು ಯಾವಜ್ಜೀವವೂ ಹಾಗೆಯೇ ಉಳಿಯುವುದಷ್ಟೆ.

ಉಜ್ಜುವ ಮೈಗಳೇ ಇಲ್ಲವಾದುದರಿಂದ ನೋವು ನಿಲ್ಲುತ್ತದೆ, ನಡಿಗೆಯು ಸುಗಮವಾಗುತ್ತದೆ. ಆದರೆ ಎತ್ತರದ ಹಿಮ್ಮಡಿಯ ಪಾದರಕ್ಷೆಯನ್ನು ಮೆಡುವುದೂ ಬೆರಳು ಮಡಿಸಿ ಮಂಡಿಯೂರಿ ಕುಳಿತೇಳುವುದೂ ಕಷ್ಟವಾಗುತ್ತವೆ. ಚಲನೆಯನ್ನು ತೆತ್ತು ನೋವಿಲ್ಲದ ಹೆಜ್ಜೆಯನ್ನು ಪಡೆಯುವ ಈ ವಿನಿಮಯವು ರೋಗಿಗೆ ಮೊದಲೇ ತಿಳಿದಿರಬೇಕು.

ಇನ್ನು ಹೆಸರು. ವ್ಯಾಕರಣದಲ್ಲಿ ಎರಡು ವರ್ಣಗಳು ಬೆರೆಯುವುದೇ ಸಂಧಿ. ಶರೀರದಲ್ಲಾದರೋ ಎರಡು ಎಲುಬುಗಳು ಬೆರೆಯದೆ ಸೇರಿರುವ ತಾಣವು ಸಂಧಿ. ಆದುದರಿಂದ 'ಸಂಧಿಕರಣ' ಎಂದರೆ ವೈಯಾಕರಣನಿಗೆ ಸರಿದೋರಬಹುದಾದರೂ ವೈದ್ಯನಿಗೆ ವಿರುದ್ಧಾರ್ಥವಾಗುವುದು. 'ಸಂಧಾನ'ವು ಮುರಿದ ಎಲುಬಿನ ಕೂಡುವಿಕೆಗೆ ಸಲ್ಲುವ ಮಾತು. ಸುಶ್ರುತನ ವಿಭಾಗವನ್ನನುಸರಿಸಿ ನೋಡಿದರೆ, ಚೇಷ್ಟಾವಂತವಾದುದನ್ನು ಬುದ್ಧಿಪೂರ್ವಕವಾಗಿ ಸ್ಥಿರವನ್ನಾಗಿ ಮಾಡುವುದೇ ಈ ಕ್ರಿಯೆ. ಆದಕಾರಣ ಶಾಸ್ತ್ರಗ್ರಂಥಗಳಲ್ಲಿ 'ಸಂಧಿಸ್ಥಿರೀಕರಣ'ವೆಂಬುದೂ ಜನರೊಡನೆ ಆಡುವಾಗ 'ಕೀಲುಬೆಸುಗೆ' ಎಂಬುದೂ ಯುಕ್ತವಾಗಿ ತೋರುತ್ತವೆ. ಬೆಸೆದುದು ಅಲುಗದೆಂಬುದನ್ನು ಅಕ್ಷರವರಿಯದವರೂ ಬಲ್ಲರು.